ಕಾರು ತಗ್ಗಿಸಲು ಬರೀ ಸ್ಪ್ರಿಂಗ್ ಸಾಕಾ, ಕಾಯಿಲೋವರ್ ಬೇಕಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಹಾಟ್ ಹ್ಯಾಚ್ (ಜೋರಾಗಿ ಓಡುವ ಚಿಕ್ಕ ಹ್ಯಾಚ್‌ಬ್ಯಾಕ್) ಕಾರನ್ನು 25–30 ಮಿ.ಮೀ. ತಗ್ಗಿಸಬೇಕು ಅಂತಿದ್ದೇನೆ. ದಿನಾ ಓಡಿಸುವ ಕಾರು, ಆಗಾಗ ಟ್ರ್ಯಾಕ್‌ಗೂ ಹೋಗುತ್ತದೆ.

ಬರೀ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದರೆ ಖರ್ಚು ಕಡಿಮೆ, ನಿಜ. ಆದರೆ ಸ್ಪ್ರಿಂಗ್ ಗಟ್ಟಿಯಾಗಿ, ಮೇಲೆ ಕೆಳಗೆ ಆಡುವ ಜಾಗವೂ ಕಡಿಮೆಯಾದಾಗ ಹಳೇ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬೇಗ ಸವೆಯುತ್ತದೆ, ಆಮೇಲೆ ಅದಕ್ಕೂ ದುಡ್ಡು, ಬಿಚ್ಚಿ ಜೋಡಿಸುವ ಕೂಲಿ ಇನ್ನೊಂದು ಸಲ. ಅದಕ್ಕಿಂತ ಮೊದಲೇ ಕಾಯಿಲೋವರ್ (ಸ್ಪ್ರಿಂಗ್, ಡ್ಯಾಂಪರ್ ಒಟ್ಟಿಗಿರುವ, ಎತ್ತರ ಹೊಂದಿಸಬಹುದಾದ ಸೆಟ್) ಹಾಕಿಸುವುದು ವಾಸಿ ಅಲ್ವಾ? ತೀರಾ ಅಗ್ಗದ ಕಾಯಿಲೋವರ್ ಮಾತ್ರ ಬೇಡ, ಅದಕ್ಕಿಂತ ಕಂಪನಿ ಸಸ್ಪೆನ್ಷನ್ನೇ ಮೇಲು.

ಮುಂದಿನ ಚಕ್ರಗಳಿಗೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಡ್ಯಾಂಪರ್ ಇರುವ ಕಂಬವೇ ಚಕ್ರವನ್ನು ಹಿಡಿದಿಡುವ ಸಸ್ಪೆನ್ಷನ್) ಇದೆ. ಜಾಸ್ತಿ ತಗ್ಗಿಸಿದರೆ ರೋಲ್ ಸೆಂಟರ್ (ಕಾರು ಪಕ್ಕಕ್ಕೆ ವಾಲುವಾಗ ಯಾವುದರ ಸುತ್ತ ತಿರುಗುತ್ತದೋ ಆ ಬಿಂದು) ಕಾರಿನ ಭಾರಕೇಂದ್ರಕ್ಕಿಂತ ಹೆಚ್ಚು ಕೆಳಗಿಳಿದು, ತಿರುವಿನಲ್ಲಿ ಕಾರು ಇನ್ನೂ ವಾಲಬಹುದು. ಸುಮ್ನೆ ನೋಟಕ್ಕೆ ಅಂತ ಅಷ್ಟು ಇಳಿಸುವ ಆಸೆ ನನಗಿಲ್ಲ.

ವೀಲ್ ಅಲೈನ್‌ಮೆಂಟ್, ಹೊಸ ಟಾಪ್ ಮೌಂಟ್ (ಸ್ಟ್ರಟ್‌ನ ಮೇಲ್ತುದಿಯನ್ನು ಬಾಡಿಗೆ ಜೋಡಿಸುವ ಭಾಗ), ಗಿಡ್ಡ ಬಂಪ್ ಸ್ಟಾಪ್ (ಸಸ್ಪೆನ್ಷನ್ ಪೂರ್ತಿ ಕುಸಿದಾಗ ತಡೆಯುವ ಮೆತ್ತೆ) ಲೆಕ್ಕದಲ್ಲಿವೆ. ಹೆಡ್‌ಲೈಟ್ ಕೂಡ ಸರಿಹೊಂದಿಸಬೇಕು, ವಿಮೆಯವರಿಗೂ ತಿಳಿಸಬೇಕು. ಇಷ್ಟು ತಗ್ಗಿಸಿದರೆ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಮಾಡಿಸಿದರೆ ಸಾಕಾ, ಇಲ್ಲ ಟೈರಿನ ಒಳ ಅಂಚು ಸವೆಯದಿರಲು ಹಿಂದಿನ ಚಕ್ರಗಳಿಗೆ ಕ್ಯಾಂಬರ್ ಆರ್ಮ್ (ಚಕ್ರ ಒಳಕ್ಕೆ ವಾಲಿರುವುದನ್ನು ಹೊಂದಿಸುವ ಭಾಗ) ಬೇಕೇ ಬೇಕಾ? ಮಾಡಿಸಿದವರು ದಯವಿಟ್ಟು ಹೇಳಿ.