ಟ್ರಿಪ್ಟೋಫಾನ್ ಪುಡಿ ಚಿಕನ್‌ಗೆ ಕಲಸಿದರೆ ನಾಯಿಯ ಮಿದುಳು ತಲುಪುತ್ತಾ?

ಕರಿಯನ_ಮನೆ:
ನಮ್ಮ ಕರಿಯ ಪಟಾಕಿ ಸದ್ದು ಕೇಳಿದರೆ ಬಚ್ಚಲುಮನೆ ಹಂಡೆಯ ಸಂದಿ ಸೇರುತ್ತಾನೆ. ಹೋದ ದೀಪಾವಳಿಗೆ ಮೂರು ದಿನ ಈಚೆಗೇ ಬರಲಿಲ್ಲ. ಪೆಟ್ ಅಂಗಡಿಯಲ್ಲಿ ಟ್ರಿಪ್ಟೋಫಾನ್ ಪುಡಿ ಕೊಟ್ಟರು. ಮಿದುಳಲ್ಲಿ ಸೆರೊಟೋನಿನ್ ಜಾಸ್ತಿಯಾಗಿ ನಾಯಿ ತಣ್ಣಗಾಗುತ್ತೆ ಅಂದರು. ಹತ್ತು ದಿನದಿಂದ ಬೇಯಿಸಿದ ಚಿಕನ್‌ಗೆ ಕಲಸಿ ಹಾಕುತ್ತಿದ್ದೇನೆ. ಕುಕ್ಕರ್ ಸೀಟಿಗೂ ಓಡುತ್ತಾನೆ. ಪುಡಿ ಡೂಪ್ಲಿಕೇಟಾ?

ಇಲಿ_ಲ್ಯಾಬು:
ಪುಡಿ ಅಸಲಿಯೇ ಇರಬಹುದು, ಅಡ್ಡ ಬಂದಿರುವುದು ಚಿಕನ್. ನಾನು ಇಲಿ ಮಿದುಳಲ್ಲಿ ಸೆರೊಟೋನಿನ್ ಅಳೆಯುವ ಕೆಲಸ ಮಾಡಿದವನು.

ರಕ್ತದಲ್ಲಿರುವ ಸೆರೊಟೋನಿನ್ ಮಿದುಳಿಗೆ ದಾಟಲ್ಲ. ಟ್ರಿಪ್ಟೋಫಾನ್ ಅನ್ನೋದು ಅಮೈನೋ ಆಮ್ಲ, ಅಂದರೆ ಪ್ರೋಟೀನಿನ ಒಂದು ತುಣುಕು. ಅದು ದಾಟುತ್ತೆ, ಒಳಗೆ ಹೋಗಿ ಸೆರೊಟೋನಿನ್ ಆಗುತ್ತೆ. ಆದರೆ ಟೈರೋಸಿನ್, ಲ್ಯೂಸಿನ್, ವ್ಯಾಲಿನ್ ಅನ್ನುವ ಬೇರೆ ಅಮೈನೋ ಆಮ್ಲಗಳೆಲ್ಲ ಅದೇ ಬಾಗಿಲಿಗೆ ನುಗ್ಗುತ್ತವೆ. ಸಂತೆ ದಿನದ ಬಸ್ಸು ನೋಡಿದ್ದೀರಲ್ವಾ? ಮಾಂಸದಲ್ಲಿ ಅವು ರಾಶಿ ರಾಶಿ, ಟ್ರಿಪ್ಟೋಫಾನ್ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 1 ಭಾಗ.

ಅಮೆರಿಕದ ಫರ್ನ್‌ಸ್ಟ್ರಾಮ್ ಮತ್ತು ವರ್ಟ್‌ಮನ್ 1971ರಲ್ಲಿ ಇಲಿಗಳಿಗೆ ಕಿಲೋ ತೂಕಕ್ಕೆ ಬರೀ 12.5 ಮಿಲಿಗ್ರಾಂ ಟ್ರಿಪ್ಟೋಫಾನ್ ಚುಚ್ಚಿದರು. ಮಿದುಳಲ್ಲಿ ಸೆರೊಟೋನಿನ್ ಏರಿತು. ಮರುವರ್ಷ ಪ್ರೋಟೀನ್ ತಿನ್ನಿಸಿ ನೋಡಿದರು. ರಕ್ತದಲ್ಲಿ ಟ್ರಿಪ್ಟೋಫಾನ್ ಏರಿತು, ಮಿದುಳಲ್ಲಿ ಏರಲಿಲ್ಲ.

ನಾವೂ ಸುಮ್ನೆ ಇದ್ದವರಲ್ಲ. ಒಮ್ಮೆ ಎರಡು ಪಂಜರದಲ್ಲಿ ರಾತ್ರಿ ಪ್ರೋಟೀನಿರುವ ಮೇವು ತೆಗೆಯಲು ಮರೆತೆವು. ಬೆಳಿಗ್ಗೆ ಬಾಯಿಗೆ ಟ್ರಿಪ್ಟೋಫಾನ್ ಡೋಸ್ ಹಾಕಿ, ಮಿದುಳನ್ನು ಐಸ್ ಮೇಲೆ ತೆಗೆದು, ಆಸಿಡ್‌ನಲ್ಲಿ ಅರೆದು ಮಷೀನಿಗೆ ಹಾಕಿದೆವು. ಆ ಎರಡು ಪಂಜರದ ಪೀಕ್‌ಗಳು, ಅಂದರೆ ಸೆರೊಟೋನಿನ್ ಎಷ್ಟಿದೆ ಅಂತ ಮಷೀನ್ ತೋರಿಸುವ ಏರುಗಳು, ಡೋಸೇ ಕೊಡದವುಗಳ ಹಾಗಿದ್ದವು. ವಾರದ ಕೆಲಸ ಸಿಂಕಿಗೆ.

ಕರಿಯನ_ಮನೆ:
ಹಾಗಾದ್ರೆ ಅನ್ನಕ್ಕೆ ಕಲಸಲಾ?

ಇಲಿ_ಲ್ಯಾಬು:
ಲೆಕ್ಕ ಸರಿ. ಅನ್ನ ತಿಂದಾಗ ಇನ್ಸುಲಿನ್ ಏರಿ ಪೈಪೋಟಿಯ ಅಮೈನೋ ಆಮ್ಲಗಳನ್ನು ಸ್ನಾಯುಗಳಿಗೆ ಎಳೆಯುತ್ತೆ, ಬಾಗಿಲು ಸ್ವಲ್ಪ ಖಾಲಿಯಾಗುತ್ತೆ. ಆದರೆ ಇದು ಇಲಿಯ ಮಾತು. ನಾಯಿಗಳಲ್ಲಿ 2000ದಲ್ಲಿ ಒಂದು ಅಧ್ಯಯನ ಬಂತು. ಮನೆ ಹತ್ತಿರ ಬಂದವರ ಮೇಲೆ ಎಗರುವ ನಾಯಿಗಳಿಗೆ, ಪ್ರೋಟೀನ್ ಕಡಿಮೆಯಿದ್ದ ಊಟದ ಜೊತೆ ಟ್ರಿಪ್ಟೋಫಾನ್ ಕೊಟ್ಟಾಗ ಆರ್ಭಟ ಇಳಿಯಿತು. ಪಟಾಕಿ ಭಯ ಬೇರೆಯೇ ಕಥೆ. ಅದಕ್ಕೆ ನಾನು ಇದರ ಮೇಲೆ ದುಡ್ಡು ಹಾಕಲ್ಲ.

ಕ್ಲಿನಿಕ್_ಅಕ್ಕ:
ಒಂದು ನಿಮಿಷ. ಅವನಿಗೆ ಬೇರೆ ಮಾತ್ರೆ ಏನಾದರೂ ನಡೀತಿದೆಯಾ? ಫ್ಲೂಆಕ್ಸೆಟಿನ್, ಕ್ಲೋಮಿಪ್ರಮಿನ್ ಥರದ್ದು? ಅವೂ ಸೆರೊಟೋನಿನ್ ಏರಿಸುವ ಮಾತ್ರೆಗಳೇ, ಈ ಪುಡಿಯೂ ಸೇರಿ ಅದು ಅತಿಯಾದರೆ ನಡುಕ, ಮೈ ಕಾವು, ಭೇದಿ ಎಲ್ಲ ಬರಬಹುದು.

ಕರಿಯನ_ಮನೆ:
ಅಕ್ಕಾ, ಈಗ ಫ್ರಿಜ್ ಮೇಲಿನ ಸ್ಟ್ರಿಪ್ ತಿರುಗಿಸಿ ಓದಿದೆ. ಹೋದ ತಿಂಗಳಿಂದ ಅರ್ಧ ಮಾತ್ರೆ ಕೊಡುತ್ತಿದ್ದೇನೆ. ಫ್ಲೂಆಕ್ಸೆಟಿನ್ ಅಂತಲೇ ಇದೆ. ಪುಡಿ ಡಬ್ಬಿ ಅಟ್ಟಕ್ಕೆ ಹಾಕಿದೆ. ಡಾಕ್ಟರಿಗೆ ಫೋನ್ ಹಚ್ಚುತ್ತಿದ್ದೇನೆ.