ಹಾಕಿಯಲ್ಲಿ ತಲೆಗೆ ಪೆಟ್ಟು, ಸಿ.ಟಿ. ಸ್ಕ್ಯಾನ್ ನಾರ್ಮಲ್: ಮಗನನ್ನು ಮತ್ತೆ ಯಾವಾಗ ಆಡಲು ಬಿಡೋದು? ಅನುಭವ ಇದ್ದವರು ಹೇಳಿ

ಪೊನ್ನಂಪೇಟೆ ಅಮ್ಮ
ಮಗ ಒಂಬತ್ತನೇ ಕ್ಲಾಸ್, ಸ್ಕೂಲ್ ಟೀಮ್‌ನಲ್ಲಿ ಹಾಫ್ ಬ್ಯಾಕ್. ಹೋದ ವಾರ ಮ್ಯಾಚ್‌ನಲ್ಲಿ ಎದುರಿನ ಹುಡುಗನ ಮೊಣಕಾಲು ಕಿವಿಯ ಮೇಲ್ಭಾಗಕ್ಕೆ ಬಡಿದು ಬಿದ್ದ. ಎದ್ದವನು "ಸ್ಕೋರ್ ಎಷ್ಟು" ಅಂತ ಕೇಳಿದ್ದನ್ನೇ ಕೇಳ್ತಿದ್ದನಂತೆ. ಒಂದು ಸಲ ವಾಂತಿ ಆಯ್ತು. ಡಾಕ್ಟರ್ ಕನ್ಕಷನ್ (ಪೆಟ್ಟಿಗೆ ಮೆದುಳು ಅಲುಗಿ ಅದರ ಕೆಲಸ ಏರುಪೇರಾಗೋದು) ಅಂದ್ರು, ರೆಸ್ಟ್ ಕೊಡಿ ಅಂದ್ರು, ಎಷ್ಟು ದಿನ ಅಂತ ಬಿಡಿಸಿ ಹೇಳಲಿಲ್ಲ. ಓದೋಕೆ ಕೂತರೆ ಈಗಲೂ ತಲೆನೋವು. ಮುಂದಿನ ವಾರ ಜಿಲ್ಲಾ ಮಟ್ಟದ ಪಂದ್ಯ ಇದೆ, ಕೋಚ್ ಫೋನ್ ಮಾಡ್ತಾನೇ ಇದ್ದಾರೆ. ನಿಮ್ಮ ಮಕ್ಕಳಿಗೆ ಹೀಗಾದಾಗ ಏನು ಮಾಡಿದ್ರಿ?

ಸುಂಟಿಕೊಪ್ಪ ಅಪ್ಪ
ಅಕ್ಕ, ನಮ್ಮದು ಫುಟ್ಬಾಲ್. ಹೆಡ್ ಮಾಡೋಕೆ ಹಾರಿದಾಗ ಇಬ್ಬರ ತಲೆ ಡಿಕ್ಕಿ. ಅರೇಬಿಕಾ ಕುಯ್ಲಿನ ಸಮಯ ಬೇರೆ. ರಾತ್ರಿ ತಲೆನೋವು ಜಾಸ್ತಿಯಾಗಿ ಮೈಸೂರಿಗೆ ಹೊರಟ್ವಿ. ಕಾರ್ ಬಾಡಿಗೆ 4,500, ಸಿ.ಟಿ. 3,200, ರಾತ್ರಿ ಅಬ್ಸರ್ವೇಷನ್‌ಗೆ ಇಟ್ಟುಕೊಂಡಿದ್ದಕ್ಕೆ 11,000, ನ್ಯೂರೋ ಡಾಕ್ಟರ್ ಫೀಸ್ 800, ನಮ್ಮ ರೂಮು ಊಟ ಬೇರೆ. ಅಡ್ಮಿಟ್ ಮಾಡೋ ಅಗತ್ಯ ಇರಲಿಲ್ಲ ಅಂತ ಇನ್ಶೂರೆನ್ಸ್‌ನವರು ಕ್ಲೈಮ್ ತಿರಸ್ಕರಿಸಿದ್ರು. ಇತ್ತ ಮನೆಯಲ್ಲಿ ಕಣದಲ್ಲಿ ಹರಡಿದ್ದ ಕಾಫಿ ಮೇಲೆ ಅಕಾಲ ಮಳೆ. ಟಾರ್ಪಾಲ್ ಹೊದಿಸೋಕೆ ಯಾರೂ ಇರಲಿಲ್ಲ, ಅಷ್ಟೂ ಬೂಷ್ಟು ಹಿಡೀತು, ವ್ಯಾಪಾರಿ ಬಾಯಿಗೆ ಬಂದ ರೇಟ್ ಹೇಳಿದ.

ಆಮೇಲಿಂದು ಇನ್ನೂ ಕಷ್ಟ. ಕ್ಲಾಸಲ್ಲಿ ಬೋರ್ಡ್ ನೋಡಿ, ತಲೆ ತಗ್ಗಿಸಿ ಬರೆದು, ಮತ್ತೆ ಬೋರ್ಡ್ ನೋಡಿದ್ರೆ ತಲೆ ಸುತ್ತೋದು. ಫಿಜಿಯೋ ಒಬ್ರು ಅಭ್ಯಾಸ ಹೇಳಿಕೊಟ್ರು: ಹೆಬ್ಬೆರಳನ್ನು ಮುಖದೆದುರು ಹಿಡಿದು, ಕಣ್ಣು ಉಗುರಿನ ಮೇಲೇ ನೆಟ್ಟು, ತಲೆ ಮಾತ್ರ ಎಡಕ್ಕೆ ಬಲಕ್ಕೆ ಆಡಿಸೋದು. ಮೊದಮೊದಲು ಸ್ವಲ್ಪ ಮಾಡಿದ್ರೂ ವಾಕರಿಕೆ. ಒಂದು ಸಿಟ್ಟಿಂಗ್‌ಗೆ 500. ಆ ಸೀಸನ್ ಪೂರ್ತಿ ಕೂರಿಸಿದೆ. ಊರಲ್ಲಿ ಅಪ್ಪ ಪುಕ್ಕಲ ಅಂದ್ರು. ಅನ್ನಲಿ. ಕೋಚ್‌ಗಳಿಗೆ ಕಪ್ ಮುಖ್ಯ, ನಮಗೆ ಮಗ ಮುಖ್ಯ.

ನಾಪೋಕ್ಲು
ಅಣ್ಣ, ಸೀಸನ್ ಪೂರ್ತಿ ಕೂರಿಸೋದೇ ಸರಿ ಅಂತ ಎಲ್ಲರಿಗೂ ಹೇಳ್ಬೇಡಿ. ನನ್ನ ಮಗಳಿಗೆ ಹಾಗೇ ಮಾಡಿಸಿದ್ರು. ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಕತ್ತಲೆ ಕೋಣೆ, ಟಿ.ವಿ. ಇಲ್ಲ, ಫೋನ್ ಇಲ್ಲ, ಗೆಳತಿಯರು ಬರಬಾರದು. ವಾರಗಟ್ಟಲೆ ಹೀಗೇ. ತಲೆನೋವು ಹೋಗಲಿಲ್ಲ, ನಿದ್ದೆ ಹೋಯ್ತು. ಸುಮ್ಮನೆ ಅಳೋಳು. ಅಷ್ಟರಲ್ಲಿ ಕ್ರೀಡಾ ಹಾಸ್ಟೆಲ್ ಸೆಲೆಕ್ಷನ್ ಮುಗಿದು ಹೋಯ್ತು. ಮುಂದಿನ ವರ್ಷಕ್ಕೆ ವಯಸ್ಸು ಮೀರಿತ್ತು. ನಾಲ್ಕನೇ ಕ್ಲಾಸಿಂದ ಸ್ಟಿಕ್ ಹಿಡಿದ ಹುಡುಗಿ. ಬೆಂಗಳೂರಲ್ಲಿ ಎರಡನೇ ಡಾಕ್ಟರಿಗೆ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಇಷ್ಟು ದಿನ ಮಲಗಿಸಿದ್ದು ಯಾಕೆ? ದಿನಾ ವಾಕಿಂಗ್ ಮಾಡಿಸಬೇಕಿತ್ತು." ಕತ್ತಲೆ ಕೋಣೆ ಬರೆದುಕೊಟ್ಟ ಡಾಕ್ಟರ್ ಮೇಲೆ ನನಗಿನ್ನೂ ಸಿಟ್ಟಿದೆ.

ಸೋಮವಾರಪೇಟೆ ಪಿ.ಟಿ. ಮೇಷ್ಟ್ರು
ಸುಂಟಿಕೊಪ್ಪದವರೇ, "ಕೋಚ್‌ಗಳಿಗೆ ಕಪ್ ಮುಖ್ಯ" ಅನ್ನೋ ಮಾತು ವಾಪಸ್ ತಗೊಳ್ಳಿ. ಸೆಮಿಫೈನಲ್‌ನಲ್ಲಿ ನನ್ನ ಕ್ಯಾಪ್ಟನ್ ಹುಬ್ಬಿನ ಮೇಲೆ ಸ್ಟಿಕ್ ಬಿತ್ತು. ರಕ್ತ ಇಲ್ಲ, ಊತ ಇಲ್ಲ. ಲೈನ್ ಹತ್ರ ಕರೆದು ಕೇಳಿದೆ: ಇದು ಯಾವ ಮೈದಾನ? ಈಗ ಯಾವ ಕ್ವಾರ್ಟರ್? ಕೊನೆಯ ಗೋಲ್ ಯಾರು ಹೊಡೆದ್ರು? ಹಿಂದಿನ ಮ್ಯಾಚ್ ಯಾರ ಮೇಲೆ ಆಡಿದ್ವಿ? ಅದರಲ್ಲಿ ಗೆದ್ವಾ? ಕೊನೆಯ ಗೋಲ್ ಹೊಡೆದಿದ್ದು ಅವನೇ, ಅದೇ ಅವನಿಗೆ ನೆನಪಿಲ್ಲ. ಹೊರಗೆ ಕೂರಿಸಿದೆ. ಮ್ಯಾಚ್ ಸೋತ್ವಿ. ಆಗ ಮೈದಾನಕ್ಕೆ ನುಗ್ಗಿ ನನ್ನ ಕಾಲರ್ ಹಿಡಿದದ್ದು ಯಾರು? ಹುಡುಗನ ಅಪ್ಪ! "ಸ್ಟೇಟ್ ಸೆಲೆಕ್ಟರ್ ಬಂದಿದ್ರು, ನನ್ನ ಮಗನ ಭವಿಷ್ಯ ಹಾಳು ಮಾಡಿದೆ" ಅಂತ. ಮೊದಲು ಪೋಷಕರು ತಿದ್ದಿಕೊಳ್ಳಲಿ.

ಸುಂಟಿಕೊಪ್ಪ ಅಪ್ಪ
ನೀವು ಒಳ್ಳೆಯವರಿರಬಹುದು ಸರ್. ನಮ್ಮ ಕೋಚ್ ನನ್ನ ಮಗನ ಮುಖಕ್ಕೆ ನೀರು ಚಿಮುಕಿಸಿ ಮತ್ತೆ ಆಟಕ್ಕೆ ಇಳಿಸಿದ್ರು. ವಾಪಸ್ ಯಾಕೆ ತಗೊಳ್ಳಲಿ?

ಮಡಿಕೇರಿ ಹಳೇ ಆಟಗಾರ
ನಾವು ಜಲ್ಲಿಕಲ್ಲಿನ ಮೈದಾನದಲ್ಲಿ ಆಡಿದವರು. ಚೆಂಡೇ 156ರಿಂದ 163 ಗ್ರಾಂ, ಕಲ್ಲಿನಷ್ಟು ಗಟ್ಟಿ. ಪೆನಾಲ್ಟಿ ಕಾರ್ನರ್‌ಗೆ ಮಾಸ್ಕ್ ಇಲ್ಲದೆ ಓಡ್ತಿದ್ವಿ. ನನಗೂ ಎರಡು ಸಲ ತಲೆಗೆ ಬಿದ್ದಿದೆ, ಮಾರನೇ ದಿನ ಆಡಿದ್ದೀನಿ, ಏನೂ ಆಗಿಲ್ಲ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರುವಾದಾಗ ಇಷ್ಟೆಲ್ಲ ಯಾರು ಯೋಚನೆ ಮಾಡಿದ್ರು? ಮಕ್ಕಳನ್ನ ಇಷ್ಟು ಹೆದರಿಸಿದ್ರೆ ಈ ಜಿಲ್ಲೆಯಿಂದ ಇನ್ನೊಬ್ಬ ಆಟಗಾರ ಹುಟ್ಟಲ್ಲ.

ವಿರಾಜಪೇಟೆ ಸಿಸ್ಟರ್
ಹಿರಿಯರೇ, ನಿಮಗೆ ಏನೂ ಆಗಲಿಲ್ಲ, ಸಂತೋಷ. ಆದವರು ಇಲ್ಲಿ ಬಂದು ಬರೆಯಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ ಝಾಕರಿ ಲಿಸ್ಟೆಡ್ ಅಂತ 13 ವರ್ಷದ ಹುಡುಗ. ಅಲ್ಲಿನ ಫುಟ್ಬಾಲ್‌ನಲ್ಲಿ ತಲೆಗೆ ಪೆಟ್ಟು ಬಿದ್ದು, ಅದೇ ಮ್ಯಾಚಲ್ಲಿ ಮತ್ತೆ ಇಳಿದ. ಮೆದುಳಲ್ಲಿ ರಕ್ತಸ್ರಾವವಾಗಿ ಬದುಕೇ ಬದಲಾಯ್ತು. ಅವನ ಹೆಸರಲ್ಲೇ 2009ರಲ್ಲಿ ಕಾನೂನು ಬಂತು: ಅನುಮಾನ ಇದ್ರೆ ಹೊರಗೆ, ವೈದ್ಯಕೀಯ ಸಿಬ್ಬಂದಿಯ ಲಿಖಿತ ಒಪ್ಪಿಗೆ ಇಲ್ಲದೆ ಒಳಗಿಲ್ಲ. ನಮ್ಮಲ್ಲಿ ಅಂಥದ್ದು ಇಲ್ಲ, ಅದಕ್ಕೇ ಅಮ್ಮಂದಿರು ಹೀಗೆ ಕೇಳ್ಕೊಂಡು ಅಲೆಯಬೇಕಾಗಿದೆ.

ನಾಪೋಕ್ಲು ಅಕ್ಕ, ನಿಮ್ಮ ಎರಡನೇ ಡಾಕ್ಟರ್ ಹೇಳಿದ್ದು ಸರಿ. ಆಟದಲ್ಲಾಗೋ ಕನ್ಕಷನ್ ಬಗ್ಗೆ 2022ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ನಡೆದ ತಜ್ಞರ ಸಭೆಯ ತೀರ್ಮಾನವೂ ಅದೇ. ಮೊದಲ 24ರಿಂದ 48 ಗಂಟೆ ಆರಾಮ, ಮೊಬೈಲ್ ಕಡಿಮೆ, ಆಮೇಲೆ ನಿಧಾನಕ್ಕೆ ನಡಿಗೆ. ಅಲ್ಲಿಂದ ಆಟಕ್ಕೆ ಆರು ಮೆಟ್ಟಿಲು: ದಿನನಿತ್ಯದ ಕೆಲಸ, ಹಗುರ ವ್ಯಾಯಾಮ, ಒಬ್ಬನೇ ಓಡಿ ಡ್ರಿಬಲ್, ಮೈ ತಾಗದ ಪ್ರಾಕ್ಟೀಸ್, ಪೂರ್ತಿ ಪ್ರಾಕ್ಟೀಸ್, ಆಮೇಲೆ ಮ್ಯಾಚ್. ಒಂದೊಂದಕ್ಕೂ ಕನಿಷ್ಠ ಒಂದು ದಿನ. ತಲೆನೋವು ಪೂರ್ತಿ ಹೋಗಿ, ಡಾಕ್ಟರ್ ಒಪ್ಪದೆ ನಾಲ್ಕನೆಯದಕ್ಕೆ ಕಾಲಿಡಬಾರದು. ಮಕ್ಕಳಿಗೆ ನಾಲ್ಕು ವಾರ ಹಿಡಿಯೋದೂ ಸಾಮಾನ್ಯ. ಸಿ.ಟಿ. ನೋಡೋದು ರಕ್ತಸ್ರಾವ, ಮೂಳೆ ಮುರಿತ. ಕನ್ಕಷನ್ ಅದರಲ್ಲಿ ಕಾಣೋದೇ ಇಲ್ಲ. ನಾರ್ಮಲ್ ಬಂತು ಅಂತ ಆಟಕ್ಕೆ ಬಿಡೋ ಹಾಗಿಲ್ಲ. ಓದೋಕೇ ಆಗದ ಹುಡುಗ ಮುಂದಿನ ವಾರ ಆಡೋದು ಬೇಡವೇ ಬೇಡ.

ಸೋಮವಾರಪೇಟೆ ಪಿ.ಟಿ. ಮೇಷ್ಟ್ರು
ಸಿಸ್ಟರ್ ಹೇಳಿದ್ದು ಸರಿ. ಜೊತೆಗೆ ಮೌತ್‌ಗಾರ್ಡ್ (ಹಲ್ಲಿನ ಮೇಲೆ ಹಾಕೋ ಕವಚ) ಹಾಕಿಸಿ. ಐಸ್ ಹಾಕಿಯಲ್ಲಿ ಅದರಿಂದ ಕನ್ಕಷನ್ 28% ಕಡಿಮೆ ಅಂತ ಅದೇ ಸಭೆಯವರು ಹೇಳಿದ್ದಾರೆ.

ಮಡಿಕೇರಿ ಹಳೇ ಆಟಗಾರ
ಐಸ್ ಹಾಕಿ ಲೆಕ್ಕ ತಂದು ನಮ್ಮ ಟರ್ಫ್‌ಗೆ (ಕೃತಕ ಹುಲ್ಲಿನ ಮೈದಾನಕ್ಕೆ) ಹಾಕ್ತೀರಾ? ಮೊದಲು ಟರ್ಫ್‌ಗೆ ನೀರು ಬಿಡಿಸಿ. ಒಣ ಟರ್ಫ್‌ನಲ್ಲಿ ಕಾಲು ಕಚ್ಚಿಕೊಂಡು ಮಕ್ಕಳು ಮುಗ್ಗರಿಸ್ತಾರೆ. ಅದನ್ನ ಕೇಳೋರಿಲ್ಲ.

ಸೋಮವಾರಪೇಟೆ ಪಿ.ಟಿ. ಮೇಷ್ಟ್ರು
ನೀರು ಬಿಡಿಸೋದು ನನ್ನ ಕೈಲಿದೆಯಾ? ಬೇಸಿಗೆಯಲ್ಲಿ ಟ್ಯಾಂಕರ್‌ಗೆ ನನ್ನ ಜೇಬಿಂದ ಕೊಟ್ಟಿದ್ದೀನಿ. ಗ್ಯಾಲರಿಯಲ್ಲಿ ಕೂತು ಮಾತಾಡೋದು ಸುಲಭ. ಐಸ್ ಹಾಕಿ ಆದ್ರೂ ತಲೆ ಒಂದೇ, ಹಲ್ಲು ಒಂದೇ.

ನಾಪೋಕ್ಲು
ನೀರು, ಮೌತ್‌ಗಾರ್ಡ್ ಎಲ್ಲ ಸರಿ, ಮೈದಾನದ ಪಕ್ಕ ಒಂದು ಆಂಬುಲೆನ್ಸ್ ಯಾಕಿರಲ್ಲ? 2019ರಲ್ಲಿ ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕು ಅಂತ ಜನ ಎಷ್ಟು ದನಿ ಎತ್ತಿದ್ರು. ಇವತ್ತಿಗೂ ತಲೆ ಅಂದ ತಕ್ಷಣ ಮೈಸೂರಿಗೆ ಬರೆದುಕೊಡ್ತಾರೆ. ದಾರಿಯ ತಿತಿಮತಿ ಕಾಡಲ್ಲಿ ರಾತ್ರಿ ಆನೆ ನಿಂತಿದ್ರೆ, ಹಿಂದಿನ ಸೀಟಲ್ಲಿ ಮಗು ವಾಂತಿ ಮಾಡ್ತಾ ಇದ್ರೆ ಏನು ಮಾಡ್ಬೇಕು?

ಪೊನ್ನಂಪೇಟೆ ಅಮ್ಮ
ಎಲ್ಲರಿಗೂ ಥ್ಯಾಂಕ್ಸ್. ಕೋಚ್‌ಗೆ ಈ ಸಲ ಇಲ್ಲ ಅಂತ ಹೇಳಿದೆ. ಮಗ ಮಾತು ಬಿಟ್ಟಿದ್ದಾನೆ. ಮೇಷ್ಟ್ರೇ, ನಿಮ್ಮ ಐದು ಪ್ರಶ್ನೆಗಳನ್ನ ಕೋಚ್‌ಗೆ ಕಳಿಸಿದ್ದೀನಿ. ಸುಂಟಿಕೊಪ್ಪ ಅಣ್ಣ, ನಮ್ಮ ಕ್ಲೈಮೂ ಇನ್ನೂ ಪಾಸಾಗಿಲ್ಲ, ನೀವು ಮುಂದೆ ಏನು ಮಾಡಿದ್ರಿ?

ಸುಂಟಿಕೊಪ್ಪ ಅಪ್ಪ
ಕಂಪನಿಗೆ ಲಿಖಿತ ದೂರು ಕೊಟ್ಟೆ, ಒಪ್ಪಲಿಲ್ಲ. ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ (ವಿಮೆ ದೂರು ವಿಚಾರಿಸೋ ಅಧಿಕಾರಿಗೆ) ಹಾಕಿದ್ದೀನಿ, ಫೀಸ್ ಇಲ್ಲ, ವಕೀಲರು ಬೇಡ. ತಿರಸ್ಕಾರ ಆದ ಒಂದು ವರ್ಷದೊಳಗೆ ಹಾಕಬೇಕು. ರಾತ್ರಿ ಅಬ್ಸರ್ವೇಷನ್ ಯಾಕೆ ಬೇಕಿತ್ತು ಅಂತ ಡಾಕ್ಟರ್ ಕೈಲಿ ಈಗಲೇ ಬರೆಸಿಕೊಳ್ಳಿ ಅಕ್ಕ. ತಡವಾದ್ರೆ ಅವರು ಸಹಿ ಹಾಕೋಕೆ ಸತಾಯಿಸ್ತಾರೆ.