ಸಹಾಯ ಬೇಕು: ಬ್ಯಾಕಪ್ ಅಪ್ಲಯನ್ಸ್‌ನಲ್ಲಿ ಹಳೇ ಓಪನ್-ವಿಎಂ-ಟೂಲ್ಸ್

ವಿಸ್ಫಿಯರ್ 7 (ವಿಎಂವೇರ್‌ನ ವರ್ಚುವಲ್ ಮೆಷಿನ್ ವೇದಿಕೆ) ಮೇಲೆ ವರ್ಚುವಲ್ ಬ್ಯಾಕಪ್ ಅಪ್ಲಯನ್ಸ್ (ತಯಾರಕರೇ ಸಿದ್ಧಮಾಡಿ ಕೊಡೋ ವರ್ಚುವಲ್ ಮೆಷಿನ್) ಇದೆ. ಒಳಗೆ ಡೆಬಿಯನ್ 11 ಲಿನಕ್ಸ್, ಓಪನ್-ವಿಎಂ-ಟೂಲ್ಸ್ (ವರ್ಚುವಲ್ ಮೆಷಿನ್ ಒಳಗಿದ್ದು ವಿಸ್ಫಿಯರ್ ಜೊತೆ ಮಾತಾಡೋ ಸಾಫ್ಟ್‌ವೇರ್) 11.2.5. ಭದ್ರತಾ ಸ್ಕ್ಯಾನರ್ ಅದನ್ನು 12.3.5ಕ್ಕೆ ಏರಿಸಿ ಅನ್ನುತ್ತಿದೆ (ಸಿವಿಇ-2023-34058 ಎಂಬ ಭದ್ರತಾ ತೂತಿಗಾಗಿ). ಸ್ಥಿತಿ 'ಗೆಸ್ಟ್ ಮ್ಯಾನೇಜ್ಡ್' (ಟೂಲ್ಸ್ ನೋಡಿಕೊಳ್ಳೋದು ಒಳಗಿನ ಓಎಸ್), ಹಾಗಾಗಿ ವಿಸ್ಫಿಯರ್‌ನ ಅಪ್‌ಗ್ರೇಡ್ ಬಟನ್‌ನಿಂದ ಉಪಯೋಗವಿಲ್ಲ. ವಿಎಂವೇರ್ ಟೂಲ್ಸ್ ಐಎಸ್‌ಒ ಹಾಕಿ ಅದರ ಟಾರ್ ಇನ್‌ಸ್ಟಾಲರ್ ಓಡಿಸಿ ಅನ್ನೋ ಸಲಹೆ ದಯವಿಟ್ಟು ಬೇಡ, ಎಪಿಟಿ (ಡೆಬಿಯನ್‌ನ ಪ್ಯಾಕೇಜ್ ಸಾಧನ) ಹಾಕಿದ ಪ್ಯಾಕೇಜ್ ಜೊತೆ ಅದು ಕಿತ್ತಾಡುತ್ತೆ.

ಡೆಬಿಯನ್ ಈ ತೂತನ್ನು 11.2.5ರಲ್ಲೇ ಬ್ಯಾಕ್‌ಪೋರ್ಟ್ ಮಾಡಿ (ಹೊಸ ಆವೃತ್ತಿಯ ತಿದ್ದುಪಡಿಯನ್ನು ಹಳೆಯದಕ್ಕೇ ಹಾಕಿ) ಮುಚ್ಚಿದೆ, ಅದಕ್ಕೇ 12.3.5 ಬೇಕಿಲ್ಲ. ಡಿಪಿಕೆಜಿ (ಇನ್‌ಸ್ಟಾಲ್ ಆದ ಪ್ಯಾಕೇಜ್ ತೋರಿಸೋ ಕಮಾಂಡ್) ಕೊಡೋ ಆವೃತ್ತಿ ಸಂಖ್ಯೆಯ ಕೊನೆಗೆ 'ಡೆಬ್11ಯು3' ಇರಬೇಕು, ಇಲ್ಲಿರೋದು 'ಯು1'. ತೊಡಕು ಏನೆಂದರೆ, ಎಪಿಟಿ ಸೋರ್ಸ್‌ನಲ್ಲಿ ಅಪ್ಲಯನ್ಸ್ ತಯಾರಕರ ರೆಪೊ (ಪ್ಯಾಕೇಜ್ ಸಿಗೋ ಸರ್ವರ್) ಮಾತ್ರ ಇದೆ.

ಡೆಬಿಯನ್ ಸೆಕ್ಯುರಿಟಿ ರೆಪೊದಿಂದ ಈ ಒಂದೇ ಪ್ಯಾಕೇಜನ್ನು 'ಓನ್ಲಿ-ಅಪ್‌ಗ್ರೇಡ್' ಆಯ್ಕೆ ಕೊಟ್ಟು ಏರಿಸಿದವರಿದ್ದೀರಾ? ಆಮೇಲೆ ಅಪ್ಲಯನ್ಸ್‌ನ ಸ್ವಂತ ಅಪ್‌ಡೇಟರ್ ಡಿಪೆಂಡೆನ್ಸಿ ಅಂತ ಮುನಿಸಿಕೊಂಡಿತಾ? ಬ್ಯಾಕಪ್ ಜಾಬ್ ನಿಲ್ಲಿಸಿ, ಸ್ನ್ಯಾಪ್‌ಶಾಟ್ ತೆಗೆದೇ ಮಾಡ್ತೀವಿ.